ಪರಿಚಯದಿಂದ ಸಿಕ್ಕ ಕೆಲಸ

ಕೆಲಸ ಹುಡುಕುವಾಗ ಗೊತ್ತಿದ್ದವರ ನೆರವು ಪಡೆಯುವುದಕ್ಕೆ ಕನ್ನಡದಲ್ಲಿ ಕನಿಷ್ಠ ಮೂರು ಹೆಸರುಗಳಿವೆ. ಗೊತ್ತಿದ್ದವರೊಬ್ಬರು ‘ಅಲ್ಲೊಂದು ಜಾಗ ಖಾಲಿ ಇದೆ, ಅರ್ಜಿ ಹಾಕು’ ಎಂದರೆ ಅದು ಪರಿಚಯ. ಅವರೇ ನಾಲ್ಕು ಸಾಲು ಬರೆದುಕೊಟ್ಟರೆ ಶಿಫಾರಸು. ಫೋನ್ ಮಾಡಿ ‘ನಮ್ಮ ಹುಡುಗ, ಸ್ವಲ್ಪ ನೋಡಿಕೊಳ್ಳಿ’ ಎಂದರೆ ವಶೀಲಿ. ಶಿಫಾರಸು ಪಾರ್ಸಿಯಿಂದ ಬಂದ ಮಾತು. ಸರ್ಕಾರಿ ಕಡತದಲ್ಲೂ ಗೌರವದ ಜಾಗ ಪಡೆದಿದೆ. ವಶೀಲಿಯ ಮೂಲ ಅರಬ್ಬಿಯ ‘ವಸೀಲಾ’. ಅಲ್ಲಿ ಅದಕ್ಕೆ ಸಾಧನ ಎಂಬ ಅರ್ಥದ ಜೊತೆಗೆ ದೇವರನ್ನು ಸಮೀಪಿಸುವ ದಾರಿ ಎಂಬ ಅರ್ಥವೂ ಉಂಟು. ಕನ್ನಡಕ್ಕೆ ಬರುವ ಹೊತ್ತಿಗೆ ಆ ಪವಿತ್ರ ಮಾತು ಕಳಂಕದ ಮಾತಾಗಿದೆ. ಒಂದು ಕ್ರಿಯೆಗೆ ಹೀಗೆ ಮೂರು ಬಣ್ಣದ ಹೆಸರುಗಳಿರುವುದು ಅದರ ಬಗ್ಗೆ ಸಮಾಜದ ಮನಸ್ಸು ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ ಎಂಬುದನ್ನು ತೋರಿಸುತ್ತದೆ. ಈಚಿನ ನೆಟ್‌ವರ್ಕಿಂಗ್, ರೆಫರಲ್ ಎಂಬ ಮಾತುಗಳಿಗೆ ಬಣ್ಣವೇ ಇಲ್ಲ. ಅವು ಈ ಕ್ರಿಯೆಯನ್ನು ಕೌಶಲಗಳ ಪಟ್ಟಿಗೆ ಸೇರಿಸಿಬಿಡುತ್ತವೆ. ಅರ್ಹತೆಗೆ ಸಲ್ಲಬೇಕಾದದ್ದನ್ನು ಸಂಬಂಧದಿಂದಲೂ ನಯವಾದ ಮಾತಿನಿಂದಲೂ ಪಡೆಯುವುದು ಧರ್ಮವೇ ಎಂಬ ಹಳೆಯ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಪ್ರಶ್ನೆಗೆ ಕೈಹಾಕುವ ಮೊದಲು ಪರಿಚಯ ನಿಜಕ್ಕೂ ಮಾಡುವ ಕೆಲಸವೇನು ಎಂಬುದು ಸ್ಪಷ್ಟವಾಗಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವೂ ಮರುವರ್ಷ ಬಂದ ಪುಸ್ತಕವೂ ಇದಕ್ಕೆ ಅಡಿಪಾಯ. ಬಾಸ್ಟನ್ ಪಕ್ಕದ ನ್ಯೂಟನ್ ಪಟ್ಟಣದಲ್ಲಿ ಹೊಸದಾಗಿ ಕೆಲಸ ಬದಲಿಸಿದ 282 ಜನರನ್ನು ಅವರು ಅಧ್ಯಯನ ಮಾಡಿದರು. ವೃತ್ತಿಪರರು, ತಂತ್ರಜ್ಞರು, ವ್ಯವಸ್ಥಾಪಕರಿಂದ ಕೂಡಿದ ಈ ಗುಂಪಿನಲ್ಲಿ ಶೇಕಡ 56ರಷ್ಟು ಮಂದಿಗೆ ಕೆಲಸದ ದಾರಿ ತೋರಿಸಿದ್ದು ಗೊತ್ತಿದ್ದ ಯಾರೋ ಒಬ್ಬರು. ಆ ದಾರಿ ತೋರಿದವರು ಎಷ್ಟು ಹತ್ತಿರದವರು ಎಂದು ಕೇಳಿದಾಗ ಬಂದ ಉತ್ತರ ಇನ್ನೂ ಮುಖ್ಯ. ಪದೇ ಪದೇ ಭೇಟಿಯಾಗುವವರ ಪಾಲು ಶೇಕಡ 17ನ್ನೂ ಮುಟ್ಟಲಿಲ್ಲ. ಉಳಿದವರೆಲ್ಲ ಆಗೊಮ್ಮೆ ಈಗೊಮ್ಮೆ ಕಾಣುವವರು ಅಥವಾ ಬಲು ಅಪರೂಪಕ್ಕೆ ಸಿಗುವವರು: ಹಳೆಯ ಸಹಪಾಠಿ, ಹಿಂದಿನ ಕಚೇರಿಯ ಸಹೋದ್ಯೋಗಿ. ಕಾರಣ ಸರಳ. ಮನೆಯವರಿಗೂ ಆಪ್ತ ಗೆಳೆಯರಿಗೂ ಗೊತ್ತಿರುವ ಸುದ್ದಿ ಹುಡುಕುವವನಿಗೆ ಮೊದಲೇ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗಗಳನ್ನು ಆಧರಿಸಿ ಇದನ್ನು ಬಹುಮಟ್ಟಿಗೆ ದೃಢಪಡಿಸಿತು. ಹೆಚ್ಚು ಉಪಯೋಗಕ್ಕೆ ಬಂದದ್ದು ತೀರ ಆಪ್ತರೂ ಅಲ್ಲದ, ತೀರ ಅಪರಿಚಿತರೂ ಅಲ್ಲದ ನಡುವಣ ಪರಿಚಯ.

ಈ ಸಂಗತಿಗೆ ತಾತ್ತ್ವಿಕ ತೂಕವಿದೆ. ಅಪರೂಪಕ್ಕೆ ಕಾಣುವವನು ನೆರವಾಗುವಾಗ ಅಲ್ಲಿ ಮಮತೆಯ ಪಕ್ಷಪಾತ ಕಡಿಮೆ. ಅವನು ಹೆಚ್ಚಾಗಿ ಕೊಡುವುದು ಸುದ್ದಿಯನ್ನು, ಕೆಲವೊಮ್ಮೆ ಒಂದು ಸಾಕ್ಷಿಯ ಮಾತನ್ನು. ಸುದ್ದಿ, ಸಾಕ್ಷಿ, ತೀರ್ಪು ಎಂಬ ಈ ಮೂರನ್ನು ಬೇರೆಬೇರೆಯಾಗಿ ಇಟ್ಟುಕೊಂಡರೆ ಮುಂದಿನ ವಿಚಾರ ಹಿಡಿತಕ್ಕೆ ಸಿಗುತ್ತದೆ.

ಕನ್ನಡ ನಾಡಿನ ಧಾರ್ಮಿಕ ಇತಿಹಾಸದಲ್ಲೇ ಈ ಪ್ರಶ್ನೆಯ ಒಂದು ನೆರಳಿದೆ. ಕಲಚೂರಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣ ಅಧಿಕಾರಕ್ಕೆ ಬಂದ ಬಗೆಯನ್ನು ಪರಂಪರೆ ಎರಡು ರೀತಿ ಹೇಳುತ್ತದೆ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಅವನು ಕರಣಿಕರ ನಡುವೆ ಲೆಕ್ಕದ ಜಾಣ್ಮೆಯಿಂದ ಗುರುತಾಗಿ ಮೇಲೇರುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವ ಪುರಾಣ’ದಲ್ಲಿ ಸೋದರಮಾವ ಬಲದೇವ ಬಿಜ್ಜಳನ ದಂಡನಾಯಕ; ಮಗಳನ್ನು ಬಸವನಿಗೆ ಕೊಡುತ್ತಾನೆ, ಅವನ ತರುವಾಯ ಆ ಪದವಿ ಅಳಿಯನಿಗೆ ಬರುತ್ತದೆ. ಒಂದು ಕಥನ ಅರ್ಹತೆಯದು, ಇನ್ನೊಂದು ನಂಟಿನದು. ಪರಂಪರೆ ಎರಡನ್ನೂ ಉಳಿಸಿಕೊಂಡಿತು. ಒಂದರಿಂದ ಇನ್ನೊಂದಕ್ಕೆ ಮಸಿ ಹತ್ತುತ್ತದೆ ಎಂದು ಭಾವಿಸಲಿಲ್ಲ. ಬಾಗಿಲು ಹೇಗೆ ತೆರೆಯಿತು ಎಂಬುದಕ್ಕಿಂತ ಒಳಗೆ ಹೋದವನು ಆ ಸ್ಥಾನವನ್ನು ಯಾರಿಗಾಗಿ ಬಳಸಿದ ಎಂಬುದರ ಮೇಲೆ ಅದು ಕಣ್ಣಿಟ್ಟಿತು. ಶರಣರ ಕಾಯಕದ ಕಲ್ಪನೆಯೂ ಹೀಗೆಯೇ ಫಲದ ಶುದ್ಧಿಯನ್ನು ಕೇಳುತ್ತದೆ. ಆಯ್ದಕ್ಕಿ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನ ಹೆಂಡತಿ ಲಕ್ಕಮ್ಮ ಹೆಚ್ಚಾದದ್ದನ್ನು ಮರಳಿಸಿ ಬರಲು ಹೇಳಿದ ಕಥೆ ಪ್ರಸಿದ್ಧ. ಆ ಅಕ್ಕಿ ಕದ್ದದ್ದಾಗಿರಲಿಲ್ಲ. ತನ್ನ ಪಾಲನ್ನು ಮೀರಿತ್ತು, ಅಷ್ಟೇ ಅದರ ದೋಷ. ಪರಿಚಯದ ಪ್ರಶ್ನೆಗೆ ಈ ಅಳತೆ ನೇರವಾಗಿ ಅನ್ವಯಿಸುತ್ತದೆ. ಅರ್ಹತೆ ಇದ್ದವನಿಗೆ ಪರಿಚಯ ಬಾಗಿಲು ತೋರಿದರೆ ಅದು ಅವನ ಪಾಲು. ಇಲ್ಲದ ಅರ್ಹತೆಯ ಜಾಗವನ್ನು ಪರಿಚಯ ತುಂಬಿದರೆ ಅದು ಮರಳಿಸಬೇಕಾದ ಅಕ್ಕಿ.

ಜೀವನೋಪಾಯ ಹುಡುಕುವಾಗ ಮಾತು ಹೇಗಿರಬೇಕು ಎಂಬುದನ್ನು ಬೌದ್ಧ ಗ್ರಂಥಗಳಷ್ಟು ಸೂಕ್ಷ್ಮವಾಗಿ ಬಿಡಿಸಿದವು ವಿರಳ. ಅಷ್ಟಾಂಗ ಮಾರ್ಗದ ಸಮ್ಯಕ್ ಆಜೀವ ಎಂದರೆ ಆಯುಧ, ವಿಷ, ಮದ್ಯಗಳ ವ್ಯಾಪಾರ ಬಿಡುವುದು ಎಂದಷ್ಟೇ ಸಾಮಾನ್ಯವಾಗಿ ಹೇಳುವುದುಂಟು. ಮಜ್ಝಿಮ ನಿಕಾಯದ ಮಹಾಚತ್ತಾರೀಸಕ ಸುತ್ತ ಮಿಥ್ಯಾ ಆಜೀವಕ್ಕೆ ಕೊಡುವ ಪಟ್ಟಿ ಬೇರೆಯದೇ. ಕುಹನಾ ಎಂದರೆ ಇಲ್ಲದ ಗುಣವನ್ನು ಇರುವಂತೆ ತೋರುವುದು. ಲಪನಾ ಎಂದರೆ ಮೆಚ್ಚಿಸಲೆಂದೇ ಆಡುವ ಮಾತು. ನೇಮಿತ್ತಿಕತಾ, ಬೇಕಾದದ್ದನ್ನು ನೇರ ಕೇಳದೆ ಸೂಚನೆಗಳಿಂದ ಕೊಡುವಂತೆ ಮಾಡುವುದು. ನಿಪ್ಪೇಸಿಕತಾ, ಇನ್ನೊಬ್ಬರನ್ನು ತುಚ್ಛೀಕರಿಸಿ ತನ್ನ ದಾರಿ ಮಾಡಿಕೊಳ್ಳುವುದು. ಕೊನೆಯದು ಲಾಭದಿಂದ ಲಾಭವನ್ನು ಬೇಟೆಯಾಡುವುದು, ಅಂದರೆ ದೊಡ್ಡದನ್ನು ಸೆಳೆಯಲೆಂದು ಚಿಕ್ಕದನ್ನು ಕೊಡುವುದು. ಐದನೆಯ ಶತಮಾನದ ಬುದ್ಧಘೋಷ ‘ವಿಸುದ್ಧಿಮಗ್ಗ’ದಲ್ಲಿ ಭಿಕ್ಷುಗಳನ್ನು ಮುಂದಿಟ್ಟುಕೊಂಡು ಇವನ್ನು ವಿಸ್ತರಿಸಿದ. ಆದರೂ ಉದ್ಯೋಗದ ಅರ್ಜಿ ಹಿಡಿದು ಓಡಾಡಿದವರಿಗೆ ಐದೂ ಪರಿಚಿತವೆನಿಸುತ್ತವೆ. ಬಯೋಡೇಟಾದಲ್ಲಿ ಮಾಡದ ಕೆಲಸವನ್ನು ಬರೆಯುವುದು ಕುಹನಾ. ಹಿಂದಿನ ಕಚೇರಿಯವರನ್ನು ಹಳಿದು ಹೊಸಬರ ವಿಶ್ವಾಸ ಗಳಿಸುವುದು ನಿಪ್ಪೇಸಿಕತಾ. ಹಬ್ಬಕ್ಕೊಂದು ಸಂದೇಶ, ಹುಟ್ಟುಹಬ್ಬಕ್ಕೊಂದು ಶುಭಾಶಯ ಕಳಿಸುತ್ತ, ಮುಂದೊಂದು ದಿನ ‘ಓಪನಿಂಗ್ ಇದ್ದರೆ ಹೇಳಿ’ ಎನ್ನಲು ನೆಲ ಹದಮಾಡುವುದು ಐದನೆಯದರ ಅಂಚಿನಲ್ಲಿದೆ.

ಹಾಗೆಂದು ಬೌದ್ಧ ಚಿಂತನೆ ಜನರನ್ನು ಒಲಿಸಿಕೊಳ್ಳುವುದನ್ನೇ ತಪ್ಪೆನ್ನಲಿಲ್ಲ. ಜನರನ್ನು ಒಟ್ಟಿಗೆ ಹಿಡಿದಿಡುವ ನಾಲ್ಕು ಸಂಗ್ರಹವಸ್ತುಗಳನ್ನು ಅದು ಹೇಳುತ್ತದೆ: ದಾನ, ಪ್ರಿಯವಚನ, ಇನ್ನೊಬ್ಬರ ಹಿತಕ್ಕಾಗಿ ದುಡಿಯುವುದು, ಎಲ್ಲರೊಡನೆ ಸಮನಾಗಿ ನಡೆಯುವುದು. ಅಂಗುತ್ತರ ನಿಕಾಯದಲ್ಲಿ ಆಳವಿಯ ಹತ್ಥಕನೆಂಬ ಗೃಹಸ್ಥ ಐನೂರು ಮಂದಿಯೊಡನೆ ಬುದ್ಧನನ್ನು ಕಾಣಲು ಬರುತ್ತಾನೆ. ಇಷ್ಟು ದೊಡ್ಡ ಬಳಗವನ್ನು ಹೇಗೆ ಉಳಿಸಿಕೊಂಡೆ ಎಂದು ಬುದ್ಧ ಕೇಳಿದಾಗ ಅವನು ಈ ನಾಲ್ಕನ್ನೂ ಎಣಿಸುತ್ತಾನೆ. ಕೊಡುಗೆಗೆ ಒಲಿಯುವವರನ್ನು ಕೊಡುಗೆಯಿಂದ, ಸಿಹಿಮಾತಿಗೆ ಒಲಿಯುವವರನ್ನು ಸಿಹಿಮಾತಿನಿಂದ. ಅಲ್ಲಿಗೇ ನಿಲ್ಲಿಸಿದ್ದರೆ ಅದೊಂದು ವ್ಯಕ್ತಿತ್ವ ವಿಕಸನದ ಪಾಠವಾಗುತ್ತಿತ್ತು. ಹತ್ಥಕ ಇನ್ನೊಂದು ಮಾತು ಸೇರಿಸುತ್ತಾನೆ: ತನ್ನ ಮನೆತನದಲ್ಲಿ ಸಂಪತ್ತಿದೆ, ಬಡವನಾಗಿದ್ದರೆ ಜನ ತನ್ನ ಮಾತಿಗೆ ಹೀಗೆ ಕಿವಿಗೊಡುತ್ತಿರಲಿಲ್ಲ. ನಯಮಾತಿನ ಶಕ್ತಿ ಆಡುವವನ ಹಿನ್ನೆಲೆಯಿಂದ ಸಾಲ ತಂದದ್ದು ಎಂಬ ಈ ತಿಳಿವಳಿಕೆ, ಅದೂ ಸ್ವತಃ ಲಾಭ ಪಡೆದವನ ಬಾಯಿಂದ, ಅತ್ಯಂತ ಪ್ರಾಮಾಣಿಕವಾದದ್ದು. ಸಂವಹನ ಕಲೆಯನ್ನು ಬೋಧಿಸುವ ಇಂದಿನ ಕೈಪಿಡಿಗಳಲ್ಲಿ ಈ ಒಪ್ಪಿಗೆ ಕಾಣಸಿಗುವುದು ಕಡಿಮೆ.

ಪ್ರಿಯವಚನವನ್ನೂ ಮುಖಸ್ತುತಿಯನ್ನೂ ಬೇರ್ಪಡಿಸುವ ಗೆರೆಯನ್ನು ಅರಿಸ್ಟಾಟಲ್ ‘ನಿಕೊಮಾಕಿಯನ್ ನೀತಿಶಾಸ್ತ್ರ’ದ ನಾಲ್ಕನೆಯ ಭಾಗದಲ್ಲಿ ಎಳೆಯುತ್ತಾನೆ. ಎಲ್ಲಕ್ಕೂ ಹೌದೆನ್ನುವವನು ಒಂದು ತುದಿ, ಎಲ್ಲಕ್ಕೂ ಜಗಳ ತೆಗೆಯುವವನು ಇನ್ನೊಂದು ತುದಿ. ನಡುವೆ ಇರುವ ಗುಣಕ್ಕೆ ಹೆಸರಿಲ್ಲ, ಸ್ನೇಹಕ್ಕೆ ಅದು ಬಹಳ ಹತ್ತಿರ ಎನ್ನುತ್ತಾನೆ. ಸುಮ್ಮನೆ ಮೆಚ್ಚಿಸುವವನಿಗೂ ಲಾಭಕ್ಕಾಗಿ ಮೆಚ್ಚಿಸುವವನಿಗೂ ಅವನು ಭೇದ ಮಾಡುತ್ತಾನೆ, ಎರಡನೆಯವನೇ ಹೊಗಳುಭಟ. ಎಂಟು, ಒಂಬತ್ತನೆಯ ಭಾಗಗಳಲ್ಲಿ ಬರುವ ಮೂರು ಬಗೆಯ ಸ್ನೇಹಗಳಲ್ಲಿ ಉಪಯೋಗದ ಸ್ನೇಹವೂ ಒಂದು. ಅದು ಕೆಳಮಟ್ಟದ್ದು, ಉಪಯೋಗ ಮುಗಿದಾಗ ಮುಗಿಯುವಂಥದ್ದು. ಆದರೂ ಅವನು ಅದನ್ನು ಪಾಪವೆನ್ನಲಿಲ್ಲ. ತಪ್ಪು ಹುಟ್ಟುವುದು ಒಂದು ಬಗೆಯ ಸ್ನೇಹ ಇನ್ನೊಂದರ ವೇಷ ತೊಟ್ಟಾಗ. ಕೆಲಸಕ್ಕಾಗಿ ಕಾಣಲು ಬಂದವನು ‘ಕೆಲಸದ ವಿಚಾರ ಕೇಳಲು ಬಂದೆ’ ಎಂದರೆ ಅಲ್ಲಿ ಮೋಸವಿಲ್ಲ. ‘ನಿಮ್ಮನ್ನು ನೋಡಬೇಕೆನಿಸಿತು’ ಎಂದು ಕೂತು, ಕಾಫಿ ಕುಡಿದು, ಹೊರಡುವಾಗ ಬಯೋಡೇಟಾ ತೆಗೆದರೆ ಇದೆ. 1785ರಲ್ಲಿ ಕಾಂಟ್ ಮಂಡಿಸಿದ ಸೂತ್ರವೂ ಇದನ್ನೇ ಬೇರೆ ದಾರಿಯಿಂದ ಮುಟ್ಟುತ್ತದೆ. ಮನುಷ್ಯರನ್ನು ಸಾಧನವಾಗಿ ಬಳಸಲೇಬಾರದು ಎಂದು ಅವನು ಹೇಳಲಿಲ್ಲ, ಬರಿಯ ಸಾಧನವಾಗಿ ಕಾಣಬಾರದು ಎಂದ. ಕೇಳಿದ ಮೇಲೆ ‘ಆಗುವುದಿಲ್ಲ’ ಎನ್ನುವ ಸ್ವಾತಂತ್ರ್ಯ ಎದುರಿನವರಿಗೆ ಪೂರ್ತಿಯಾಗಿ ಉಳಿದಿದ್ದರೆ ಅವರು ಬರಿಯ ಸಾಧನವಾಗಿಲ್ಲ.

ಇಂಥ ನಯವಾದ ನಡೆನುಡಿಗೆ ಇಂದಿನ ಹೆಸರು ಸಾಫ್ಟ್ ಸ್ಕಿಲ್. ಈ ಮಾತು ಬಳಕೆಗೆ ಬಂದದ್ದು ಅಮೆರಿಕದ ಸೇನೆಯಿಂದ. ಯಂತ್ರಗಳೊಡನೆ ಮಾಡುವ ಕೆಲಸದಿಂದ ಜನರೊಡನೆ ಮಾಡುವ ಕೆಲಸವನ್ನು ಬೇರ್ಪಡಿಸಲು ಅಲ್ಲಿ ಈ ಪದ ಬೇಕಾಯಿತು. 1972ರಲ್ಲಿ ಇದರ ಮೇಲೆಯೇ ಒಂದು ಸಮ್ಮೇಳನ ನಡೆಯಿತು. ಆಲಿಸುವುದು, ತಾಳ್ಮೆ, ಸಮಯಪ್ರಜ್ಞೆ, ಒಟ್ಟಾಗಿ ದುಡಿಯುವುದು ಇವೆಲ್ಲ ಹಿಂದೆ ಗುಣಗಳೆನಿಸಿಕೊಂಡಿದ್ದವು. ಕೌಶಲವೆಂದು ಹೆಸರು ಬದಲಾದೊಡನೆ ಅವು ಕಲಿಸಬಹುದಾದ, ಅಳೆಯಬಹುದಾದ, ಕೊನೆಗೆ ಮಾರಬಹುದಾದ ವಸ್ತುಗಳಾದವು. ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ವಿಮಾನದ ಗಗನಸಖಿಯರ ನಗುವನ್ನು ಅಧ್ಯಯನ ಮಾಡಿ, ಭಾವನೆಯನ್ನೇ ಸಂಬಳಕ್ಕೆ ದುಡಿಸುವಾಗ ಮನುಷ್ಯ ತನ್ನ ಭಾವನೆಯಿಂದಲೇ ದೂರವಾಗುವ ಅಪಾಯವನ್ನು ತೋರಿಸಿದರು. ಗುಣವನ್ನು ಅಭ್ಯಾಸದಿಂದ ರೂಢಿಸಿಕೊಳ್ಳಬಹುದು ಎಂಬುದು ಅರಿಸ್ಟಾಟಲನಿಗೂ ಒಪ್ಪಿಗೆ. ಮೊದಮೊದಲು ಪ್ರಯತ್ನಪೂರ್ವಕವಾಗಿ ತಾಳ್ಮೆಯಿಂದ ಆಲಿಸಿದವನು ಕ್ರಮೇಣ ತಾಳ್ಮೆಯುಳ್ಳವನಾಗಬಹುದು. ಆದ್ದರಿಂದ ಕಲಿತ ವಿನಯವೆಲ್ಲ ಕಪಟವಲ್ಲ. ಕಚೇರಿಯ ಮೇಲಧಿಕಾರಿಯ ಮುಂದೆ ಇರುವ ವಿನಯ ಬಾಗಿಲ ಬಳಿಯ ಕಾವಲುಗಾರನ ಮುಂದೆಯೂ ಇದ್ದರೆ ಅದು ಗುಣವಾಗಿ ಬೇರೂರಿದೆ ಎಂದು ತಿಳಿಯಬಹುದು. ಸಮನಾಗಿ ನಡೆಯುವುದನ್ನು ಬೌದ್ಧರು ಸಂಗ್ರಹವಸ್ತುಗಳ ಪಟ್ಟಿಗೆ ಸೇರಿಸಿದ್ದು ಇದಕ್ಕಾಗಿಯೇ ಇರಬೇಕು.

ಭಾರತೀಯ ಅಭ್ಯರ್ಥಿಗೆ ಇಲ್ಲಿ ಇನ್ನೂ ಆಳದ ತೊಡಕೊಂದಿದೆ. ‘ನಿಮ್ಮ ಬಗ್ಗೆ ಹೇಳಿ’ ಎಂಬುದು ಸಂದರ್ಶನದ ಮೊದಲ ಪ್ರಶ್ನೆ. ತನ್ನನ್ನು ತಾನೇ ಹೊಗಳಿಕೊಳ್ಳುವುದು ಈ ನೆಲದಲ್ಲಿ ಸಣ್ಣ ದೋಷವಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಗಾಂಡೀವವನ್ನು ಹೀಗಳೆದ ಯುಧಿಷ್ಠಿರನನ್ನು ತನ್ನ ಪ್ರತಿಜ್ಞೆಯಂತೆ ಕೊಲ್ಲಲು ಅರ್ಜುನ ಕತ್ತಿ ಹಿರಿಯುತ್ತಾನೆ. ಹಿರಿಯನನ್ನು ಬಾಯಿಮಾತಿನಿಂದ ಅವಮಾನಿಸಿದರೆ ಅದೇ ಕೊಂದಂತೆ ಎಂದು ಕೃಷ್ಣ ದಾರಿ ತೋರುತ್ತಾನೆ. ಅವಮಾನಿಸಿದ ಮೇಲೆ ಪಶ್ಚಾತ್ತಾಪದಿಂದ ಅರ್ಜುನ ತನ್ನನ್ನೇ ಕೊಂದುಕೊಳ್ಳಲು ಮುಂದಾದಾಗ ಕೃಷ್ಣ ಹೇಳುವ ಪರ್ಯಾಯ ಆತ್ಮಪ್ರಶಂಸೆ. ತನ್ನ ಗುಣಗಳನ್ನು ತಾನೇ ಹಾಡಿಕೊಂಡರೆ ಅದು ಆತ್ಮಹತ್ಯೆಗೆ ಸಮ. ಇಂಥ ಕಥೆ ಕೇಳಿ ಬೆಳೆದ, ಸಣ್ಣ ಊರಿನ ಹುಡುಗಿಯೊಬ್ಬಳು ಬೆಂಗಳೂರಿನ ಸಂದರ್ಶನದ ಕೊಠಡಿಯಲ್ಲಿ ತನ್ನ ಸಾಧನೆ ಹೇಳಲು ತಡವರಿಸಿದರೆ ಅದನ್ನು ಆತ್ಮವಿಶ್ವಾಸದ ಕೊರತೆ ಎಂದು ಬರೆದುಕೊಳ್ಳುವುದು ದೊಡ್ಡ ಅನ್ಯಾಯ. ಅವಳಲ್ಲಿರುವುದು ಒಂದು ನೈತಿಕ ಶಿಕ್ಷಣ. ಅರಿಸ್ಟಾಟಲ್ ಸತ್ಯವಂತನನ್ನು ಬಡಾಯಿಗಾರನಿಗೂ ತನ್ನನ್ನು ಕಡಿಮೆ ಮಾಡಿಕೊಳ್ಳುವವನಿಗೂ ನಡುವೆ ಇಟ್ಟ. ಇರುವುದನ್ನು ಇದ್ದಷ್ಟೇ ಹೇಳುವುದು ಹೊಗಳಿಕೆಯಾಗದು. ಮಾಡಿದ ಕೆಲಸವನ್ನು ಸಾಕ್ಷಿಯಂತೆ ಹೇಳುವುದಕ್ಕೂ ತಾನು ಎಂಥವನು ಎಂದು ಹಾಡುವುದಕ್ಕೂ ಅಂತರವಿದೆ. ‘ಮೂರು ಜನ ಸೇರಿ ಈ ಯೋಜನೆ ಮುಗಿಸಿದೆವು, ಲೆಕ್ಕದ ಭಾಗ ನನ್ನದು’ ಎಂಬ ಮಾತಿನಲ್ಲಿ ಅರ್ಜುನನಿಗೆ ಒದಗಿದ ಮರಣವಿಲ್ಲ.

ಇಲ್ಲಿಯವರೆಗಿನ ವಿಚಾರದಲ್ಲೆಲ್ಲ ಇದ್ದವರು ಇಬ್ಬರು: ಕೇಳುವವನು ಮತ್ತು ಕೊಡುವವನು. ಅವರಿಬ್ಬರ ನಡುವೆ ಎಲ್ಲವೂ ಶುದ್ಧವಾಗಿದ್ದರೂ ಪ್ರಶ್ನೆ ಮುಗಿಯುವುದಿಲ್ಲ. ಕೆಲಸ ಒಂದೇ ಇದ್ದಾಗ ಅಲ್ಲಿಲ್ಲದ ಮೂರನೆಯವರೊಬ್ಬರಿದ್ದಾರೆ, ಯಾರ ಪರಿಚಯವೂ ಇಲ್ಲದವರು. ಅವರ ಮುಖ ಯಾರಿಗೂ ಕಾಣದ ಕಾರಣ ಅವರ ನಷ್ಟವೂ ಕಾಣುವುದಿಲ್ಲ. ಕುರಾನಿನ ನಾಲ್ಕನೆಯ ಅಧ್ಯಾಯದ 85ನೆಯ ವಚನ ಒಳ್ಳೆಯದಕ್ಕೆ ಶಿಫಾರಸು ಮಾಡಿದವನಿಗೆ ಅದರ ಫಲದಲ್ಲಿ ಪಾಲಿದೆ, ಕೆಟ್ಟದ್ದಕ್ಕೆ ಮಾಡಿದವನಿಗೆ ಅದರ ಹೊರೆಯಲ್ಲಿ ಪಾಲಿದೆ ಎನ್ನುವಾಗ ಈ ಮೂರನೆಯವರಿಗೂ ಜಾಗ ಸಿಗುತ್ತದೆ. ಕೆಟ್ಟ ಶಿಫಾರಸಿನ ನಷ್ಟ ಬೀಳುವುದು ಅವರ ಮೇಲೆಯೇ. ಸಭೆಗೆ ಬಂದ ಬಂಗಾರದ ಉಂಗುರದವನಿಗೆ ಒಳ್ಳೆಯ ಪೀಠ ಕೊಟ್ಟು ಬಡವನನ್ನು ನಿಲ್ಲಿಸುವುದನ್ನು ಬೈಬಲಿನ ಯಾಕೋಬನ ಪತ್ರ ಖಂಡಿಸುತ್ತದೆ. ಚೀನಾದ ಸಾಂಗ್ ರಾಜವಂಶದ ಕಾಲದಲ್ಲಿ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯ ಉತ್ತರಪತ್ರಿಕೆಗಳ ಮೇಲೆ ಹೆಸರು ಮುಚ್ಚುತ್ತಿದ್ದರು. ಕೈಬರಹದಿಂದಲೂ ಗುರುತು ಸಿಗದಿರಲೆಂದು ಗುಮಾಸ್ತರಿಂದ ಅವನ್ನು ನಕಲು ಮಾಡಿಸುತ್ತಿದ್ದರು. ಸಂಬಂಧಗಳ ಮರ್ಯಾದೆಯನ್ನು ಧರ್ಮದ ನಡುವಿನಲ್ಲಿಟ್ಟ ಕನ್ಫ್ಯೂಷಿಯಸನ ನಾಡೇ ಸಂಬಂಧಕ್ಕೆ ಇಷ್ಟು ಹೆದರಿತು ಎಂಬುದು ಗಮನಾರ್ಹ.

ಮೈಸೂರು ಸಂಸ್ಥಾನದ ಅನುಭವವೂ ಇಲ್ಲಿ ಬೆಳಕು ಚೆಲ್ಲುತ್ತದೆ. 1912ರಲ್ಲಿ ದಿವಾನರಾಗುವ ಮೊದಲು ಎಂ. ವಿಶ್ವೇಶ್ವರಯ್ಯನವರು ಯಾವ ನಂಟರೂ ಶಿಫಾರಸು ಕೇಳಿಕೊಂಡು ಬರಬಾರದು ಎಂದು ಮನೆಯವರಿಂದ ಮಾತು ಪಡೆದರು ಎಂಬ ಕಥೆ ನಾಡಿನಲ್ಲಿ ಮನೆಮಾತು. ವೈಯಕ್ತಿಕ ಪ್ರಾಮಾಣಿಕತೆಗೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಆದರೆ ಆ ಹೊತ್ತಿಗೆ ಸಂಸ್ಥಾನದ ಹುದ್ದೆಗಳು ಬಹುಪಾಲು ಬ್ರಾಹ್ಮಣರಲ್ಲೇ ಇದ್ದವು. ಉಳಿದ ಸಮುದಾಯಗಳ ಬೇಡಿಕೆಗೆ ಓಗೊಟ್ಟು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. 1919ರಲ್ಲಿ ಅದರ ವರದಿ ಬಂತು. ಹುದ್ದೆಗೆ ಅರ್ಹತೆಯೊಂದೇ ಅಳತೆಗೋಲಾಗಬೇಕೆಂಬ ನಿಲುವಿನ ವಿಶ್ವೇಶ್ವರಯ್ಯನವರಿಗೆ ಈ ಸಮಿತಿಯ ನೇಮಕ ಸಮ್ಮತವಾಗಿರಲಿಲ್ಲ. ಅವರು ದಿವಾನಗಿರಿ ಬಿಟ್ಟ ಕಾರಣಗಳಲ್ಲಿ ಈ ಭಿನ್ನಾಭಿಪ್ರಾಯವೂ ಒಂದೆಂದು ಇತಿಹಾಸಕಾರರು ಗುರುತಿಸುತ್ತಾರೆ. ಒಬ್ಬ ನಂಟನ ಶಿಫಾರಸನ್ನು ತಡೆಯುವುದು ಒಬ್ಬ ಪ್ರಾಮಾಣಿಕನಿಂದ ಸಾಧ್ಯ. ಯಾವ ಶಾಲೆಗೆ ಸೇರಬೇಕು, ಯಾವ ಪರೀಕ್ಷೆ ಯಾವಾಗ, ಅಧಿಕಾರಿಯ ಮುಂದೆ ಹೇಗೆ ಮಾತಾಡಬೇಕು ಎಂಬ ತಿಳಿವಳಿಕೆ ಒಂದೇ ಓಣಿಯಲ್ಲಿ ತಲೆಮಾರುಗಳಿಂದ ಹರಿದಾಡುತ್ತಿದ್ದರೆ, ಯಾರೂ ಯಾರಿಗೂ ಹೇಳಿಸದೆಯೂ ಶಿಫಾರಸು ನಡೆದೇ ಇರುತ್ತದೆ. ಅರ್ಹತೆಯೇ ಪರಿಚಯದ ಫಲವಾಗಿರುವ ಈ ಸ್ಥಿತಿಯನ್ನು ಮಿಲ್ಲರ್ ಸಮಿತಿ ಕಂಡಿತು. ಅದು ಕಂಡದ್ದು ಸರಿ.

ಈಚಿನ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆಬೇರೆ ಹೆಸರುಗಳಲ್ಲಿ ಕಳಿಸಲಾಯಿತು. ಮೇಲ್ಜಾತಿಯ ಹೆಸರಿಗಿಂತ ದಲಿತ ಹೆಸರಿಗೆ ಕರೆ ಬಂದದ್ದು ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅದೇ ವರ್ಷ ಸುರೀಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಎಚ್‌ಆರ್ ಅಧಿಕಾರಿಗಳನ್ನು ಮಾತಾಡಿಸಿದಾಗ ಅವರೆಲ್ಲ ಅರ್ಹತೆಯೇ ಮುಖ್ಯ ಎಂದರು. ಜೊತೆಗೆ ಅಭ್ಯರ್ಥಿಯ ಕುಟುಂಬದ ಹಿನ್ನೆಲೆಯನ್ನು ಕೇಳುವುದು ಸಹಜವೆಂದೂ ಹೇಳಿದರು. ಬೆಂಗಳೂರಿನ ಐಟಿ ಉದ್ಯಮವನ್ನು ಅಧ್ಯಯನ ಮಾಡಿದ ಕ್ಯಾರಲ್ ಉಪಾಧ್ಯ ಅವರು ಸಂವಹನ ಕೌಶಲದ ಹೆಸರಿನಲ್ಲಿ ನಗರದ ಮಧ್ಯಮವರ್ಗದ ನಡೆನುಡಿಯೇ ಅರ್ಹತೆಯಾಗಿ ಎಣಿಕೆಯಾಗುವುದನ್ನು ತೋರಿಸಿದ್ದಾರೆ. ಹತ್ಥಕ ಬುದ್ಧನೆದುರು ಒಪ್ಪಿಕೊಂಡದ್ದನ್ನು ಈ ಕಾಲದ ಸಂದರ್ಶನ ಕೊಠಡಿ ಒಪ್ಪಿಕೊಳ್ಳುವುದಿಲ್ಲ.

ಹಾಗಿದ್ದರೆ ಎಲ್ಲ ಕಡೆ ಹೆಸರು ಮುಚ್ಚಿದ ಪರೀಕ್ಷೆಯೊಂದೇ ಸಾಕೇ ಎಂದರೆ, ಸಾಲದು. ಒಬ್ಬರು ಕಷ್ಟದ ದಿನದಲ್ಲಿ ಹೇಗೆ ನಡೆದುಕೊಂಡರು, ಕೈಗೆತ್ತಿಕೊಂಡದ್ದನ್ನು ಮುಗಿಸುತ್ತಾರೆಯೇ ಎಂಬುದು ಉತ್ತರಪತ್ರಿಕೆಯಲ್ಲಿ ಇರುವುದಿಲ್ಲ. ಅದಕ್ಕೆ ಕಂಡವರ ಸಾಕ್ಷಿ ಬೇಕು. ರೋಮಿನ ಸಿಸೆರೊ ಬರೆದ ಪತ್ರಗಳ ಒಂದು ಇಡೀ ಭಾಗ ಬಹುತೇಕ ಶಿಫಾರಸು ಪತ್ರಗಳಿಂದಲೇ ತುಂಬಿದೆ. ಕ್ರಿ.ಪೂ. 54ರಲ್ಲಿ ಅವನು ಯುವ ನ್ಯಾಯಜ್ಞ ಟ್ರೆಬೇಷಿಯಸ್‌ನನ್ನು ಗಾಲ್‌ನಲ್ಲಿದ್ದ ಸೀಸರನ ಬಳಿಗೆ ಕಳಿಸುವಾಗ ಆ ಯುವಕನ ನಡತೆಗೂ ಕಾನೂನಿನ ಜ್ಞಾನಕ್ಕೂ ತಾನೇ ಹೊಣೆ ಎಂಬಂತೆ ಬರೆದ. ಮುಂದೆ ಅದೇ ಟ್ರೆಬೇಷಿಯಸ್ ಆಗಸ್ಟಸ್‌ನ ಕಾಲದ ಗಣ್ಯ ನ್ಯಾಯಶಾಸ್ತ್ರಜ್ಞನಾದ, ಸಾಕ್ಷಿ ಸುಳ್ಳಾಗಲಿಲ್ಲ. ಮೊದಲು ಬೇರ್ಪಡಿಸಿದ ಮೂರು ಇಲ್ಲಿ ಮತ್ತೆ ನೆರವಿಗೆ ಬರುತ್ತವೆ. ಸುದ್ದಿ ಕೊಡುವುದರಲ್ಲಿ ದೋಷವಿಲ್ಲ, ಅದು ಒಂದೇ ಓಣಿಯಲ್ಲಿ ಸುತ್ತದೆ ಹೊರಗೂ ಹರಿದರೆ. ಸಾಕ್ಷಿ ಹೇಳುವುದರಲ್ಲಿ ದೋಷವಿಲ್ಲ, ಕಂಡದ್ದನ್ನಷ್ಟೇ ಹೇಳಿ, ಕೊರತೆಯನ್ನೂ ಮುಚ್ಚದಿದ್ದರೆ. ಆಯ್ಕೆಯ ತೀರ್ಪನ್ನು ಮಾತ್ರ ಪರಿಚಯ ಮುಟ್ಟಬಾರದು. ಅಲ್ಲಿ ಮೂರನೆಯವರ ಹಕ್ಕು ಇದೆ. ‘ನೋಡಿಕೊಳ್ಳಿ’ ಎಂಬ ಫೋನು ಕರೆ ಕೆಡುವುದು ಅದು ಸುದ್ದಿಯನ್ನೂ ಸಾಕ್ಷಿಯನ್ನೂ ಬಿಟ್ಟು ನೇರ ತೀರ್ಪಿಗೆ ಕೈಹಾಕುವುದರಿಂದ.

ಉಳಿಯುವುದು ಋಣದ ಪ್ರಶ್ನೆ. ಉಪಕಾರದ ಬಗ್ಗೆ ಏಳು ಭಾಗಗಳ ಗ್ರಂಥ ಬರೆದ ಸೆನೆಕ, ಕೊಟ್ಟವನು ತಕ್ಷಣ ಮರೆಯಬೇಕು, ಪಡೆದವನು ಎಂದೂ ಮರೆಯಬಾರದು ಎಂದು ಬೋಧಿಸಿದ. ಉದ್ಯೋಗದ ವಿಷಯದಲ್ಲಿ ಈ ಬೋಧನೆಗೆ ಒಂದು ಎಲ್ಲೆ ಬೇಕಾಗುತ್ತದೆ. ಕೆಲಸಕ್ಕೆ ಸೇರಿದವನು ಶಿಫಾರಸು ಮಾಡಿದವನ ತಪ್ಪು ಬಿಲ್ಲಿಗೆ ಸಹಿ ಹಾಕಿ ಋಣ ತೀರಿಸಿದರೆ ಇನ್ನೊಬ್ಬರ ಹಣದಿಂದ ತನ್ನ ಸಾಲ ತೀರಿಸಿದಂತಾಗುತ್ತದೆ. ದೀಘ ನಿಕಾಯದ ಸಿಗಾಲೋವಾದ ಸುತ್ತ ಕೆಲಸಗಾರನ ಕರ್ತವ್ಯಗಳನ್ನು ಹೇಳುವಾಗ ಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳುವುದನ್ನೂ ಕೆಲಸವನ್ನು ಚೆನ್ನಾಗಿ ಮಾಡುವುದನ್ನೂ ಅಕ್ಕಪಕ್ಕ ಇಡುತ್ತದೆ. ಸಾಕ್ಷಿ ಹೇಳಿದವನಿಗೆ ಸಲ್ಲುವ ಋಣ ಆ ಸಾಕ್ಷಿಯನ್ನು ನಿಜಮಾಡುವ ದುಡಿಮೆಯಲ್ಲೇ ಸಂದಾಯವಾಗುತ್ತದೆ. ಅದನ್ನು ಮೀರಿದ ಕೃತಜ್ಞತೆಗೆ ಶರಣರು ದಾಸೋಹದಲ್ಲಿ ಬೇರೆ ದಾರಿ ಕಂಡಿದ್ದರು. ಅಲ್ಲಿ ದುಡಿದು ಪಡೆದದ್ದು ಕೊಟ್ಟವನ ಮನೆಗೆ ತಿರುಗದೆ ಮುಂದಿನವರ ಎಲೆಗೆ ಬೀಳುತ್ತದೆ. ಪರಿಚಯದಿಂದ ಒಳಗೆ ಬಂದವನು ತನ್ನ ಕಚೇರಿಯಲ್ಲಿ ಖಾಲಿಯಾದ ಜಾಗದ ಸುದ್ದಿಯನ್ನು, ಅಲ್ಲಿ ಯಾರೂ ಗೊತ್ತಿಲ್ಲದ ತನ್ನ ಹಳೆಯ ಕಾಲೇಜಿನ ಸೂಚನಾ ಫಲಕದವರೆಗೆ ತಲುಪಿಸಿದರೆ ಆ ಋಣದ ಒಂದು ಭಾಗ ಸಂದಂತೆ.